ಎರಡನೆಯ ಬ್ರೇಕು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಎರಡು ಬ್ರೇಕುಗಳಿರುತ್ತವೆ. ಒಂದು ಕಲಿಯುವವರ ಕಾಲಡಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿಗೆ. ಎಲ್ಲರ ಬಾಯಲ್ಲೂ 'ಡ್ರೈವಿಂಗ್ ಮೇಡಂ' ಆಗಿಹೋಗಿದ್ದ ಆಕೆಯ ಬಲಗಾಲು ವರ್ಷಗಟ್ಟಲೆ ಆ ಎರಡನೆಯ ಬ್ರೇಕಿನ ಮೇಲೇ ಬೀಡುಬಿಟ್ಟಿತ್ತು. ಬಸ್ಸಿನಲ್ಲಿ ಕೂತರೂ ಅದು ಸುಮ್ಮನಿರುತ್ತಿರಲಿಲ್ಲ, ನೆಲವನ್ನೇ ಒತ್ತುತ್ತಿತ್ತು.

ಮನೆಯಲ್ಲಿ ಮಾತಿಗೂ ಅದೇ ಚಾಳಿ. ಹದಿನೆಂಟು ತುಂಬಿದ ಮಗಳು "ಅಮ್ಮ, ನಂಗೆ ಕಾಲೇಜಿಗೆ ಹೋಗಕ್ಕೇ..." ಎನ್ನುವಷ್ಟರಲ್ಲಿ "ಬೇಗ ಮಲಗು, ಎಲ್ಲ ಸರಿಹೋಗುತ್ತೆ" ಎಂದು ಮುಗಿಸಿಬಿಡುತ್ತಿದ್ದಳು. ಪ್ರೀತಿ ಬೆಟ್ಟದಷ್ಟಿತ್ತು, ಕಿವಿ ಮಾತ್ರ ಇರಲಿಲ್ಲ. ಈಚೆಗೆ ಮಗಳು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಎರಡು ತುತ್ತು ತಿಂದ ಶಾಸ್ತ್ರ ಮಾಡಿ ಏಳುವಳು. ಮಧ್ಯಾಹ್ನವಾದರೂ ಹಾಸಿಗೆ ಬಿಡಳು, ಗೆಳತಿಯರ ಫೋನು ಬಡಕೊಂಡರೂ ಎತ್ತಳು. ಕೇಳಿದರೆ "ಏನಿಲ್ಲ". ಅದನ್ನು ನಂಬುವಷ್ಟು ದಡ್ಡಿಯಲ್ಲ ತಾಯಿ. ಮಗಳು ಕೈತಪ್ಪಿ ಹೋಗುತ್ತಿದ್ದಾಳೆಂಬ ಭಯ ಆಕೆಯನ್ನು ಕಾಡುತ್ತಿತ್ತು.

ಕಸುಬಿನಿಂದ ಆಕೆಗೆ ಒಂದು ವಿಷಯ ಗೊತ್ತಿತ್ತು. ಸ್ಟಿಯರಿಂಗ್ ಹಿಡಿದವರ ನಾಲಿಗೆ ಸಡಿಲವಾಗುತ್ತದೆ. ಕಣ್ಣು ರಸ್ತೆಯ ಮೇಲಿರುತ್ತದಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ. ಕಲಿಯಲು ಬಂದ ಹೆಂಗಸರ ಬಾಯಿಂದ ಅತ್ತೆಯ ಮೇಲಿನ ಸಿಟ್ಟು, ಗಂಡನ ಗುಟ್ಟು, ಎಲ್ಲ ಸೆಕೆಂಡ್ ಗೇರಿನಲ್ಲೇ ಹೊರಬೀಳುತ್ತಿದ್ದವು. ಹಾಗಾಗಿ ಒಂದು ಭಾನುವಾರ, ಅಲ್ಪಸ್ವಲ್ಪ ಓಡಿಸಲು ಕಲಿತಿದ್ದ ಮಗಳ ಕೈಗೆ ಆ ಎರಡು ಬ್ರೇಕಿನ ಕಾರಿನ ಕೀಲಿ ಕೊಟ್ಟು, ಗೋದಾಮುಗಳ ಹಿಂದಿನ ಖಾಲಿ ರಸ್ತೆಗೆ ಹೊರಡಿಸಿದಳು.

ಸ್ವಲ್ಪ ದೂರ ಹೋದ ಮೇಲೆ ಮಗಳು ತಾನಾಗಿಯೇ, "ಅಮ್ಮ, ಬೆಳಿಗ್ಗೆ ಎಚ್ಚರಾನೇ ಆಗದಿದ್ರೆ ಚೆನ್ನಾಗಿತ್ತು ಅನ್ಸುತ್ತೆ" ಎಂದಳು.

ಕಾರು ಗಕ್ಕನೆ ನಿಂತಿತು. ಎದುರಿಗೆ ಸೈಕಲ್ಲಿಲ್ಲ, ನಾಯಿಯಿಲ್ಲ. ಒತ್ತಿದ್ದು ತಾಯಿಯ ಕಾಲು.

"ನೋಡು! ಮನೇಲೂ ಹೀಗೇ," ಎಂದಳು ಮಗಳು. "ನಾನು ಬಾಯಿ ಬಿಟ್ರೆ ಸಾಕು, ನಿಲ್ಲಿಸಿಬಿಡ್ತೀಯ. ಅದಕ್ಕೇ ನಿಂಗೆ ಏನೂ ಹೇಳಲ್ಲ."

ತಾಯಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಹತ್ತಾರು ಉಪದೇಶಗಳು ನಾಲಿಗೆಯ ತುದಿಗೆ ಬಂದಿದ್ದವು, ನುಂಗಿಕೊಂಡಳು. "ಹೆದರಿಬಿಟ್ಟೆ ಕಣೇ, ತಪ್ಪಾಯ್ತು. ಪಕ್ಕಕ್ಕೆ ಹಾಕಿ ಎಂಜಿನ್ ಆರಿಸು."

ಮಗಳು ಆರಿಸಿದಳು. ತಾಯಿ ಚಪ್ಪಲಿ ಬಿಟ್ಟು, ಎರಡೂ ಕಾಲು ಮೇಲೆತ್ತಿ, ಸೀಟಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಶಿಷ್ಯರು ಯಾರಾದರೂ ಕಂಡಿದ್ದರೆ ಮೇಡಂ ಮಾನ ಹರಾಜು!

"ಸಾಯಬೇಕು ಅಂತ ಯೋಚನೆ ಬರುತ್ತಾ?" ನೇರವಾಗಿ ಕೇಳಿದಳು.

"ಒಂದೊಂದ್ಸಲ. ಏನೂ ಮಾಡ್ಕೊಂಡಿಲ್ಲ. ಆದ್ರೆ ನಂಗೇ ಭಯ ಆಗುತ್ತೆ."

"ಹೇಳು. ನೀನು ಮುಗಿಸೋವರೆಗೂ ನಾನು ಪಿಟಿಕ್ ಅನ್ನಲ್ಲ."

ಮಗಳು ತಡವರಿಸಿ, ಅತ್ತು, ಮತ್ತೆ ಹೇಳಿದಳು. ತಾಯಿಯ ಕಣ್ಣೀರು ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ. ಎಲ್ಲ ಮುಗಿದ ಮೇಲೆ, "ಇದು ನಿನ್ನ ತಪ್ಪಲ್ಲ. ನಾಳೆನೇ ಡಾಕ್ಟರ್ ಹತ್ರ ಹೋಗೋಣ್ವಾ?" ಎಂದಷ್ಟೇ ಕೇಳಿದಳು. ಮಗಳು ತಲೆಯಾಡಿಸಿದಳು. ಆ ರಾತ್ರಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿದರು.

ಮರುದಿನ ಮನೋವೈದ್ಯೆಯ ಕೋಣೆಯಿಂದ ನರ್ಸ್ ಕರೆದಾಗ ತಾಯಿ ಬೆಂಚಿಗೆ ಅಂಟಿಕೊಂಡೇ ಕೂತಳು. "ನೀನು ಹೋಗು. ನಾನು ಬಂದ್ರೆ ನಡುವೆ ಬಾಯಿ ಹಾಕ್ತೀನಿ."

ಬಾಗಿಲವರೆಗೆ ಹೋದ ಮಗಳು ತಿರುಗಿ ಬಂದು ಅವಳ ಕೈ ಹಿಡಿದೆಳೆದಳು.

"ಬಾ ಅಮ್ಮ. ನೀನು ಪಕ್ಕದಲ್ಲಿ ಕೂತ್ರೇನೇ ನಂಗೆ ಹೇಳಕ್ಕಾಗೋದು."