ಜಾಬರ್ ಕಾಕಾ ಕಲಿಸಿದ ಹದಿನೈದು ನಿಮಿಷ

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಹರೆಯದಲ್ಲಿ ಮಗ್ಗದ ಲಾಳಿ ಹಾರಿ ಬಂದು ಬಡಿದದ್ದಂತೆ. ಆಮೇಲೆ ಉಗುರು ಎರಡು ಹೋಳಾಗಿಯೇ ಬೆಳೆಯಿತು, ನಡುವೆ ಒಂದು ಕಪ್ಪು ಗೆರೆ. ಕೆಟ್ಟ ಕಂಪ್ಯೂಟರ್ ಮುಂದೆ ಬಂದರೆ ಅವರು ಮೊದಲು ಅಂಗೈಯನ್ನು ಅದರ ಬೆನ್ನ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಆ ಹೆಬ್ಬೆರಳು ಮಾತ್ರ ಮೆಲ್ಲಗೆ ಅತ್ತಿತ್ತ ಸರಿಯುತ್ತಿತ್ತು. ಮೂವತ್ತು ವರ್ಷ ಪವರ್‌ಲೂಮಿನ ಸದ್ದಿನಲ್ಲಿ ನಿಂತು ಕಿವಿ ಮುಕ್ಕಾಲು ಹೋಗಿತ್ತು. ಯಂತ್ರದ ಮಾತನ್ನು ಕೈಯಿಂದ ಕೇಳುತ್ತಿದ್ದರು. ಮನುಷ್ಯರ ಮಾತಿಗೆ ಎಡಗಿವಿಯನ್ನು ಮುಂದೆ ತರುತ್ತಿದ್ದರು. ತಾವು ಮಾತಾಡುವಾಗ ಮಾತ್ರ ಸುತ್ತಲೂ ಇನ್ನೂ ಮಗ್ಗಗಳು ನಡೆಯುತ್ತಿವೆ ಎಂಬಂತೆ ಕೂಗುತ್ತಿದ್ದರು.

ಸೊಲ್ಲಾಪುರದಲ್ಲಿ ಮಗ್ಗ ದುರಸ್ತಿ ಮಾಡುವವರನ್ನು ಜಾಬರ್ ಎನ್ನುತ್ತಾರೆ. ಇವರು ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ವಿಜಾಪುರ ರಸ್ತೆಯ ಒಳಗಲ್ಲಿಯಲ್ಲಿದ್ದ ಅವರ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬರುವವರೆಲ್ಲ ಜಾಬರ್ ಕಾಕಾ ಎಂದೇ ಕರೆಯುತ್ತಿದ್ದರು. ಮಗಳು ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸು ಮುಚ್ಚಿ, ಅವಳು ಬೇರೆ ನೌಕರಿಗೆ ಸೇರಿದಾಗ ಮನೆಯಲ್ಲಿ ಹಳೆಯ ಯಂತ್ರಗಳು ಉಳಿದವು. ಅವನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಕಲಿತದ್ದು. "ಮಗ್ಗಾನೂ ಇದೂ ಒಂದ ಜಾತಿ. ಒಂದ ಎಳಿ ತಪ್ಪಿದ್ರ ಇಡೀ ಅರಿವಿ ಹೊಲಸ" ಎನ್ನುತ್ತಿದ್ದರು. ಅಂಗಡಿಯ ಗೋಡೆಗೆ ಮೊಳೆ ಹೊಡೆದು, ಯಾವ ಯಾವ ಯಂತ್ರವನ್ನು ಯಾವುದು ಕೆಡಿಸಿತ್ತೋ ಆ ಬಿಡಿಭಾಗವನ್ನು ತೂಗುಹಾಕಿದ್ದರು. ಸುಟ್ಟ ಫ್ಯಾನು, ಉಬ್ಬಿದ ಬ್ಯಾಟರಿ, ಅವುಗಳ ನಡುವೆ ಸವೆದ ಒಂದು ಲಾಳಿ. ಬಿಸಾಡುತ್ತಿರಲಿಲ್ಲ. "ಯಾವುದು ಕೆಡಿಸಿತ್ತು ಅನ್ನೂದು ಕಣ್ಣ ಮುಂದ ಇರಬೇಕು."

ಇನ್ನು ನನ್ನ ವಿಷಯ. ಕರಜಗಿಯ ಆಚೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮುಖ್ಯಾಧ್ಯಾಪಕ, ಮನೆ ಅಕ್ಕಲಕೋಟೆಯಲ್ಲಿ. ನನಗೆ ಚಿಂತೆ ಎನ್ನುವುದು ಕೆಲವರಿಗೆ ಎಲೆಅಡಿಕೆ ಇದ್ದ ಹಾಗೆ. ಊಟವಾದ ಮೇಲೆ ಒಂದಿಷ್ಟು ಬೇಕೇ ಬೇಕು. ಬಸ್ಸಿನಲ್ಲಿ ಕೂತರೆ ಬ್ರೇಕಿನ ಚಿಂತೆ, ಇಳಿದರೆ ಛತ್ರಿ ಮರೆತೆನೇನೋ ಎಂಬ ಚಿಂತೆ. ಕೂತಲ್ಲೇ ಬಲಗಾಲು ತಾನೇ ಕುಣಿಯುತ್ತದೆ. ಹೆಂಡತಿ ಮದುವೆಯಾದ ವರ್ಷವೇ ಹೇಳಿದ್ದಳು, "ನಿಮಗ ಎಲ್ಲಾ ಬರ್ತದ, ಸುಮ್ಮ ಕೂಡೂದೊಂದು ಬರೂದಿಲ್ಲ." ಲ್ಯಾಪ್‌ಟಾಪಿನಲ್ಲೂ ನನ್ನದು ಅದೇ ಸಂಸಾರ. ಬೇಕಾದೀತು ಎಂದು ಒಮ್ಮೆ ತೆರೆದ ಟ್ಯಾಬನ್ನು ಮುಚ್ಚುವವನಲ್ಲ. ಮೇಲಿನ ಸಾಲಿನಲ್ಲಿ ನಲವತ್ತು ಟ್ಯಾಬುಗಳು ಜಾಗವಿಲ್ಲದ ಎಸ್‌ಟಿ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತವರಂತೆ ಕಾಣುತ್ತಿದ್ದವು.

ಆ ವರ್ಷ ಇಲಾಖೆಯವರು ಮಕ್ಕಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ತುಂಬಲು ಹೇಳಿದ್ದರು. ಪಟ್ಟಿಯಲ್ಲಿ ಎಷ್ಟು ಮಕ್ಕಳೋ ಅದರ ಮೇಲೆ ಶಿಕ್ಷಕರು. ಕೊನೆಯ ತಾರೀಖಿನೊಳಗೆ ನಮ್ಮ ಮಕ್ಕಳ ಹೆಸರು ಪೂರ್ತಿ ಏರದಿದ್ದರೆ ಶಾಲೆಯ ಎರಡನೆಯ ಹುದ್ದೆ ಹೋಗುತ್ತಿತ್ತು. ಆ ಹುದ್ದೆಯಲ್ಲಿದ್ದ ಅಕ್ಕೋರು ನಾನು ಪರದೆಯ ಮುಂದೆ ಕೂತ ದಿನಗಳಲ್ಲಿ ನಾಲ್ಕೂ ವರ್ಗಗಳನ್ನು ಒಂದೇ ಪಡಸಾಲೆಯಲ್ಲಿ ಕೂರಿಸಿಕೊಂಡು ಕಲಿಸುತ್ತಿದ್ದರು. "ಸರ್, ನೀವು ಯಾಕ ಅಷ್ಟು ಕಾಳಜಿ ಮಾಡ್ತೀರಿ? ಹೋದ್ರ ನನ್ನ ಜಾಗಾ ಹೋಗ್ತದ" ಎಂದು ನಕ್ಕಿದ್ದರು. ಆ ನಗು ನನಗೆ ಎರಡು ರಾತ್ರಿಯ ನಿದ್ದೆ ಕೆಡಿಸಿತು. ಅವರು ಹೋದರೆ ಮಕ್ಕಳೂ ಒಬ್ಬೊಬ್ಬರಾಗಿ ಹೋಗುತ್ತಾರೆ, ಕೊನೆಗೆ ನಾನು ಮತ್ತು ಗಂಟೆ ಉಳಿಯುತ್ತೇವೆ.

ತೊಡಕು ಇದ್ದದ್ದು ಇಲ್ಲಿ. ನಮ್ಮ ಅರ್ಧದಷ್ಟು ಮಕ್ಕಳ ಅಪ್ಪಂದಿರು ಕುರಿಯ ಹಿಂದೆ ಊರೂರು ತಿರುಗುವವರು. ಮಕ್ಕಳು ಅಜ್ಜಿಯರ ಹತ್ತಿರ ಊರಲ್ಲೇ. ಆಧಾರ್ ಕಾರ್ಡುಗಳು ಮಾತ್ರ ಅಪ್ಪನ ಚೀಲದಲ್ಲಿ. ಪಟ್ಟಿಗೆ ಕಾರ್ಡಿನಲ್ಲಿದ್ದ ಹಾಗೆಯೇ ಹೆಸರು ಬೇಕು. ಫೋನಿಗೆ ರೇಂಜು ಸಿಗುವುದು ಶಾಲೆಯ ಮುಂದಿನ ಬೇವಿನ ಮರದ ಕೆಳಗೆ. ನಾನು ಬೇರೆ ಟ್ಯಾಬಿನಲ್ಲಿ ಅಪ್ಪನ ಫೋನ್ ನಂಬರು ನೋಡಿಕೊಂಡು ಅಲ್ಲಿಗೆ ಹೋಗಿ ಕೂಗುವುದು:

"ಕಾರ್ಡಿನ ಮ್ಯಾಲ ಹುಡುಗನ ಹೆಸರ ಹ್ಯಾಂಗ ಬರದದ ನೋಡಪಾ."

"ನನಗ ಓದಾಕ ಎಲ್ಲಿ ಬರ್ತದರಿ ಗುರುಜಿ. ಥಾಂಬ್ರಿ, ಸ್ವಲ್ಪ ತಡೀರಿ, ರಸ್ತಾದಾಗ ಯಾರರೆ ಬಂದ್ರ ಓದಸ್ತೀನಿ."

"ಯಾರೂ ಬರಲಿಲ್ಲ ಅಂದ್ರ?"

"ಬರ್ತಾರ್ರಿ. ಕುರಿ ಅಡ್ಡ ನಿಂದ್ರಿಸೀನಿ, ಗಾಡಿ ನಿಂತs ನಿಲ್ತದ."

ಯಾವನೋ ಮೋಟರ್ ಸೈಕಲ್ಲಿನವನು ಕುರಿಗಳ ನಡುವೆ ಸಿಕ್ಕಿಬಿದ್ದು, ಬೈದು, ಆಮೇಲೆ ಕಾರ್ಡು ಓದಿ ಹೇಳುವ ಹೊತ್ತಿಗೆ ಹತ್ತು ಹದಿನೈದು ನಿಮಿಷ. ನಾನು ಹೆಸರನ್ನು ಅಂಗೈಯ ಮೇಲೆ ಬರೆದುಕೊಂಡು ಓಡಿ ಬಂದರೆ ಪರದೆಯ ಮೇಲೆ ಏನೂ ಇಲ್ಲ. ಪಟ್ಟಿ ಇದ್ದ ಟ್ಯಾಬು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ. ಮತ್ತೆ ಲಾಗಿನ್ ಕೇಳಿದ್ದರೆ ಬೇರೆ ಮಾತು. ಅದೂ ಇಲ್ಲ, ಬರೀ ಬಿಳಿ. ಇಡೀ ವರ್ಗದ ಪಟ್ಟಿ ಮುಗಿಯುವ ತನಕ ಉಳಿಸಲು ಆ ಪುಟ ಬಿಡುತ್ತಿರಲಿಲ್ಲ. ಪುಟವನ್ನು ಹೊಸದಾಗಿ ತೆರೆದರೆ ಮತ್ತೆ ಮೊದಲನೇ ಹುಡುಗನಿಂದ ಶುರು.

ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಎರಡು ಸಲ ಸೊಲ್ಲಾಪುರಕ್ಕೆ ಹೋದೆ. ಎರಡೂ ಸಲ ಕಾಕಾನ ಮುಂದೆ ಅದು ಸಂಭಾವಿತ ಅಳಿಯನ ಹಾಗೆ ನಡೆದುಕೊಂಡಿತು. ಒಂದು ಸಲವೂ ಬೆಳ್ಳಗಾಗಲಿಲ್ಲ. ಶಾಲೆಗೆ ಮರಳಿದರೆ ಮತ್ತೆ ಅದೇ. ಮೂರನೆಯ ಸಲ ಹೋದಾಗ ಕೊನೆಯ ತಾರೀಖಿಗೆ ಮೂರು ದಿನ ಉಳಿದಿತ್ತು. ಕಾಕಾ ಯಂತ್ರದ ಕಡೆ ನೋಡಲೇ ಇಲ್ಲ. ನನ್ನ ಕೈ ನೋಡುತ್ತಿದ್ದರು.

"ಗುರುಜಿ, ನಾ ಒಂದ ಮಗ್ಗದ ಕಥಿ ಹೇಳ್ತೀನಿ. ಆ ಮಗ್ಗದಾಗ ನೂಲ ಹರೀತಿತ್ತು. ನಾ ಹೋಗಿ ನಿಂತ್ರ ಹರೀತಿದ್ದಿಲ್ಲ. ಚಹಾಕ್ಕ ಹ್ವಾದ್ರ ಹರೀತಿತ್ತು. ಎಂಟು ದಿನಾ ತಲಿ ಕೆಡ್ತು. ಆಮ್ಯಾಲ ಒಂದಿನ ಎಣ್ಣಿ ಡಬ್ಬಿ ಮ್ಯಾಲ ಬೆನ್ನ ಮಾಡಿ ಕುಂತೆ, ಕನ್ನಡಿ ಒಂದ ಇಟ್ಕೊಂಡು. ಏನ್ ನೋಡ್ತೀನಿ! ನಾ ಮುಂದ ಇದ್ದಾಗ ನೇಕಾರ ನನ್ನ ಅಂಜಿಕಿಗೆ ಹಾಸಿನ ನೂಲಿನ ಮ್ಯಾಲ ಕೈ ಇಟ್ಟs ಇಡ್ತಿದ್ದ. ನಾ ಹ್ವಾದ ಕೂಡ್ಲೆ ಕೈ ತಗೀತಿದ್ದ. ಅವನ ಕೈಯಿಂದ ನೂಲು ಬಿಗಿ ನಿಲ್ತಿತ್ತು."

"ಅದಕ್ಕೂ ಇದಕ್ಕೂ ಏನ್ ಸಂಬಂಧ ಕಾಕಾ?"

"ನೀವು ಬಂದಾಗಿಂದ ಎಷ್ಟ ಸಲ ಮೌಸ್ ಅಲ್ಲಾಡಿಸೀರಿ? ಆ ಟ್ಯಾಬ್ ಒತ್ತೂದು, ಈ ಟ್ಯಾಬ್ ಒತ್ತೂದು, ಅದs ನಿಮ್ಮ ಧಂದಾ. ಅದಕ್ಕ ಮಲಗಾಕ ಎಲ್ಲಿ ಬಿಡ್ತೀರಿ? ಸಾಲ್ಯಾಗ ನೀವು ಗಿಡದ ಕೆಳಗ ಹೋಗ್ತೀರಿ, ಅದು ಮಲಗ್ತದ, ಕೆಡ್ತದ. ಇಲ್ಲಿ ನೀವು ಅದನ್ನ ಕೆಡಾಕs ಬಿಡವಲ್ರಿ."

ನನ್ನ ಬೆರಳು ಆಗಲೂ ಮೌಸಿನ ಮೇಲೆಯೇ ಇತ್ತು.

"ಎರಡೂ ಕೈ ತೊಡಿ ಕೆಳಗ ಇಟ್ಕೋರಿ" ಎಂದು ಕೂಗಿದರು. ಎದುರಿನ ಹಿಟ್ಟಿನ ಗಿರಣಿಯವನು ಹೊರಗೆ ಬಂದು ನೋಡಿದ. ನಲವತ್ತೇಳು ವರ್ಷದ ಮುಖ್ಯಾಧ್ಯಾಪಕ, ಮಕ್ಕಳಿಗೆ ತಾನೇ ಕೊಡುವ ಶಿಕ್ಷೆಯಂಥದ್ದನ್ನು ಒಪ್ಪಿಕೊಂಡು, ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಸ್ಟೂಲಿನ ಮೇಲೆ ಕೂತೆ. ಕಾಕಾ ಬೇರೊಂದು ಟ್ಯಾಬನ್ನು ಮುಂದೆ ತಂದಿಟ್ಟು, ಗೋಡೆಯ ಗಡಿಯಾರ ನೋಡಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದರು. "ಹದಿನೈದು ಮಿನಿಟ. ನಿವಾಂತ ಕೂಡ್ರಿ."

ಆ ಹದಿನೈದು ನಿಮಿಷ ನನ್ನ ಬದುಕಿನ ಅತಿ ಉದ್ದದ ಪ್ರಯಾಣ. ಮೊದಲ ಐದು ನಿಮಿಷ ಅಕ್ಕೋರ ಹುದ್ದೆ ಹೋಯಿತು, ಶಾಲೆ ಮುಚ್ಚಿತು, ನನ್ನ ಪಿಂಚಣಿಗೂ ಕುತ್ತು ಬಂತು. ಮುಂದಿನ ಐದು ನಿಮಿಷದಲ್ಲಿ ಎದುರಿನ ಗಿರಣಿಯಲ್ಲಿ ಜೋಳ ಬೀಸುವ ವಾಸನೆ ಬರುತ್ತಿದೆ ಎಂದು ಗೊತ್ತಾಯಿತು. ಎರಡು ಸಲ ಬಂದಿದ್ದರೂ ಅಲ್ಲೊಂದು ಗಿರಣಿ ಇದೆ ಎಂಬುದನ್ನೇ ನಾನು ಗಮನಿಸಿರಲಿಲ್ಲ. ಹದಿನೈದಾದಾಗ ಕಾಕಾ ಪಟ್ಟಿಯ ಟ್ಯಾಬು ಒತ್ತಿದರು. ಬೆಳ್ಳಗೆ!

"ಬಂತ! ಬಂತ ನೋಡ್ರಿ!" ಬಹಳ ದಿನದ ಮೇಲೆ ಬೀಗರು ಬಂದ ಹಾಗೆ ಅವರ ಮುಖ ಅರಳಿತು. "ಕೆಡಾಕ ಬಿಡ್ರಿ, ಅಂದ್ರ ತಿಳೀತದ."

ಆಮೇಲೆ ಅದೇ ಪುಟವನ್ನು ಇನ್‌ಕಾಗ್ನಿಟೊ ಎನ್ನುವ ಖಾಸಗಿ ಕಿಟಕಿಯಲ್ಲಿ ತೆರೆದರು. ಅಲ್ಲಿ ಬ್ರೌಸರಿಗೆ ನಾವು ಹೊರಗಿನಿಂದ ಸೇರಿಸಿದ ಎಕ್ಸ್‌ಟೆನ್ಶನ್‌ಗಳು ಓಡುವುದಿಲ್ಲ. ಮತ್ತೆ ಹದಿನೈದು ನಿಮಿಷ. ಬೆಳ್ಳಗಾಗಲಿಲ್ಲ. "ಅಂದ್ರ ಕಳ್ಳ ನೀವು ಕರದು ಮನ್ಯಾಗ ಇಟ್ಕೊಂಡಾವರಾಗ ಅದಾನ. ಎಷ್ಟು ಮಂದಿ ಅದಾರ?"

ಐದು ಇದ್ದವು. ಐದೂ ನನ್ನ ಚಿಂತೆಯ ಮಕ್ಕಳೇ. ವೈರಸ್ ಬಂದೀತೆಂದು ಒಂದು, ಜಾಹೀರಾತು ಒತ್ತಿಬಿಟ್ಟೇನೆಂದು ಒಂದು, ಪಾಸ್‌ವರ್ಡ್ ಮರೆತೇನೆಂದು ಒಂದು, ಟ್ಯಾಬುಗಳ ಭಾರಕ್ಕೆ ಯಂತ್ರ ಸುಟ್ಟೀತೆಂದು ಅವನ್ನು ಮಲಗಿಸುವುದೊಂದು, ಕಣ್ಣು ಹೋದೀತೆಂದು ಪರದೆಯ ಬಣ್ಣ ತಂಪು ಮಾಡುವುದೊಂದು.

"ಮಲಗಿಸೂದು ಇರಬೇಕು ಕಾಕಾ! ಅದs. ತಗದ ಒಗೀರಿ, ನನಗ ನಾಕರ ಬಸ್ಸ ಅದ."

"ಇರಬೇಕು ಅನ್ನೂದು ಜಾಬರನ ಮಾತಲ್ಲ."

ಅದೊಂದನ್ನೇ ಬಂದ್ ಮಾಡಿದರು. ಕೈ ತೊಡೆಯ ಕೆಳಗೆ. ಹದಿನೈದು ನಿಮಿಷ. ಬೆಳ್ಳಗೆ! ನಾನು ಆಣೆ ಮಾಡಿ ದೂರಿದ್ದ ಎಕ್ಸ್‌ಟೆನ್ಶನ್ ನಿರಪರಾಧಿ. ಅದನ್ನು ಮತ್ತೆ ಚಾಲೂ ಮಾಡಿ ವೈರಸಿನದನ್ನು ಬಂದ್ ಮಾಡಿದರು. ಬೆಳ್ಳಗೆ. ಒಂದು ಸಲಕ್ಕೆ ಒಂದೇ ಬದಲು, ಹಲಗೆಯ ಮೇಲೆ ಒಂದು ಗೀಟು. ನಡುವೆ ಅವರು ಮಂದ್ರೂಪದ ತಮ್ಮ ಹೊಲದ ಮಾತು ಹೇಳಿದರು, ನಾನು ಮೊದಲ ನೌಕರಿಯ ಮಾತು ಹೇಳಿದೆ. ಚಹಾ ಬಂತು. ಕೈ ಹೊರಗೆ ತೆಗೆಯಲು ಕಾಕಾನ ಅನುಮತಿ ಕೇಳಿ ಕುಡಿದೆ. ನಾಲ್ಕರ ಬಸ್ಸು ಹೋದದ್ದು ನನಗೆ ನಾಲ್ಕೂವರೆಗೆ ನೆನಪಾಯಿತು.

ಕಣ್ಣಿಗೆ ತಂಪು ಕೊಡುವುದನ್ನು ಬಂದ್ ಮಾಡಿದ ಸುತ್ತಿನಲ್ಲಿ ಪುಟ ಎದ್ದು ಬಂತು. ಪ್ರಯೋಗಕ್ಕೆಂದು ಬರೆದಿದ್ದ ಮೂರು ಮಕ್ಕಳ ಹೆಸರು ಇದ್ದ ಹಾಗೆಯೇ ಇತ್ತು. ಬಿಟ್ಟ ಟ್ಯಾಬನ್ನು ಬ್ರೌಸರು ತಾನಾಗಿಯೇ ಮಲಗಿಸುತ್ತಿತ್ತು. ಅದು ಏಳುವಾಗ ಈ ಉಪಕಾರಿ ಓಡಿ ಬಂದು ಬಣ್ಣ ಬಳಿಯಲು ಹೋಗಿ ಇಡೀ ಪುಟವನ್ನೇ ಮುಚ್ಚಿಬಿಡುತ್ತಿತ್ತು. ನಾನು ಖುಷಿಯಿಂದ ಲ್ಯಾಪ್‌ಟಾಪು ಮಡಿಸಲು ಹೋದರೆ ಕಾಕಾ ಆ ಸೀಳುಗುರಿನ ಹೆಬ್ಬೆರಳನ್ನು ಅಡ್ಡ ಇಟ್ಟರು.

"ಸರಿ ಆದದ್ದು ಸಾಕ್ಷಿ ಅಲ್ಲ. ಮತ್ತ ಚಾಲೂ ಮಾಡಿ ಕೆಡಸ್ರಿ."

"ಸರಿ ಆಗ್ಯಾದ ಅಂತೀನಿ, ಕೆಡಸಂತೀರಲ್ಲ ಕಾಕಾ!"

ಕೆಡಿಸಿದೆವು. ಹದಿನೈದು ನಿಮಿಷಕ್ಕೆ ಬೆಳ್ಳಗಾಯಿತು. ಮತ್ತೆ ಬಂದ್ ಮಾಡಿದೆವು. ಆಗ ಅವರಿಗೆ ಸಮಾಧಾನ. ನಾನು ಆ ಉಪಕಾರಿಯನ್ನು ಅಳಿಸಲು ಹೊರಟೆ, ಬಿಡಲಿಲ್ಲ. "ಇರಲಿ. ಮೊಳಿಗೆ ತೂಗುಹಾಕಿದಂಗ. ಬಂದ್ ಇದ್ರ ಸಾಕು." ನಾನು ಹೊರಡುವಾಗ ಎಡಗಿವಿಯನ್ನು ಮುಂದೆ ತಂದು ಕೇಳಿದರು: "ಗುರುಜಿ, ನೀವು ಮೊದಲ ಎಲ್ಲಾರಿಗೂ ಫೋನ್ ಮಾಡಿ, ವಹ್ಯಾಗ ಬರ್ಕೊಂಡು, ಆಮ್ಯಾಲ ತುಂಬಾಕ ಕೂಡಬಾರ್ದೇನ್ರಿ?"

ವಹಿ ಎಂದರೆ ನೋಟ್‌ಬುಕ್ಕು. ಶಾಲೆಯ ಕಪಾಟಿನ ತುಂಬ ಇದ್ದವು. ಇಪ್ಪತ್ತು ವರ್ಷ ಮಕ್ಕಳಿಗೆ "ಮೊದಲು ಕಚ್ಚಾ ಬರೀರಿ, ಆಮ್ಯಾಲ ಪಕ್ಕಾ" ಎಂದು ಹೇಳಿದ ಮನುಷ್ಯ ನಾನು, ಅಂಗೈಯ ಮೇಲೆ ಬರೆದುಕೊಂಡು ಓಡುತ್ತಿದ್ದೆ.

"ಇದನ್ನ ಬಂದ ಕೂಡ್ಲೆ ಹೇಳಬಾರ್ದಿತ್ತೇನು ಕಾಕಾ?"

"ಬಂದ ಕೂಡ್ಲೆ ಹೇಳಿದ್ರ ರೋಗ ಇಟ್ಕೊಂಡs ಹೋಗ್ತಿದ್ರಿ."

ಎರಡು ದಿನದಲ್ಲಿ ಪಟ್ಟಿ ಮುಗಿಯಿತು. ಕೊನೆಯ ತಾರೀಖಿಗೆ ಒಂದು ದಿನ ಉಳಿದೇ ಇತ್ತು. ಅಂಥ ದಿನವನ್ನು ನಾನು ಅದುವರೆಗೆ ಕಂಡವನಲ್ಲ. ಅಕ್ಕೋರು ಇಂದಿಗೂ ಪಕ್ಕದ ಕೋಣೆಯಲ್ಲಿದ್ದಾರೆ. ಇದನ್ನು ಬರೆಯುವಾಗ ಅವರು ಮಕ್ಕಳಿಂದ ಮಗ್ಗಿ ಹೇಳಿಸುತ್ತಿರುವುದು ಕೇಳುತ್ತಿದೆ.

ಆಮೇಲೆ ಸೊಲ್ಲಾಪುರಕ್ಕೆ ಹೋದಾಗಲೆಲ್ಲ ಕಾಕಾನ ಅಂಗಡಿಗೆ ಹೋಗಿ ಕೂರುತ್ತಿದ್ದೆ. ಕೆಟ್ಟದ್ದೇನೂ ಇಲ್ಲದೆ ಬರುವ ಒಬ್ಬನೇ ಗಿರಾಕಿ ಎಂದು ಹಂಗಿಸುತ್ತಿದ್ದರು. ಹೋದ ವರ್ಷ ಅಂಗಡಿ ಮುಚ್ಚಿ ಮಂದ್ರೂಪದ ಮನೆಯಲ್ಲಿ ಹಾಸಿಗೆ ಹಿಡಿದರು. ನೋಡಲು ಹೋದೆ. ಕಿವಿ ಪೂರ್ತಿ ಹೋಗಿತ್ತು, ಕಣ್ಣು ಮುಚ್ಚಿತ್ತು. ನಾನು ಮಂಚದ ಅಂಚಿನಲ್ಲಿ ಕೂತೆ. ಅವರ ಅಂಗೈ ಮಂಚದ ಕಟ್ಟಿಗೆಯ ಮೇಲಿತ್ತು. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ಸರಿಯಿತು.

"ಮೂರನೇ ನಂಬರ ಮಗ್ಗ ಯಾರ ಚಾಲೂ ಬಿಟ್ಟೀರಿ?" ಎಂದು ಕೂಗಿದರು.

ಮಗಳು ಗಾಬರಿಯಾಗಿ ನನ್ನ ಮುಖ ನೋಡಿದಳು, ಅಪ್ಪನಿಗೆ ಭ್ರಮೆ ಶುರುವಾಯಿತೆಂದು. ಕಾಕಾ ಒಂದು ಕಣ್ಣು ತೆರೆದು ನಕ್ಕರು. "ಗುರುಜಿ. ಕಾಲು."

ನನ್ನ ಬಲಗಾಲು ಕುಣಿಯುತ್ತಿತ್ತು. ನಿಲ್ಲಿಸಿದೆ. ಅವರು ಮತ್ತೆ ಕಣ್ಣು ಮುಚ್ಚಿದರು.

ಅದಾಗಿ ಮೂರು ವಾರಕ್ಕೆ ಅವರ ಮಣ್ಣಿಗೆ ಹೋದೆ. ಅವರು ಅಷ್ಟು ಬಣ್ಣಿಸಿದ್ದ ಹೊಲದ ಬದುವಿನಲ್ಲೇ ಮಣ್ಣು ಮಾಡಿದರು. ಸೊಲ್ಲಾಪುರಕ್ಕೆ ಬಂದು ಅಕ್ಕಲಕೋಟೆಯ ಬಸ್ಸು ಹಿಡಿದಾಗ ಸಂಜೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ವಳಸಂಗ ದಾಟಿದ ಮೇಲೆ ಹೆಂಡತಿಯ ಫೋನು ಬಂತು. ಎತ್ತಲು ತುಸು ತಡವಾಯಿತು, ಕೈಗಳು ತೊಡೆಯ ಕೆಳಗಿದ್ದವು.

"ಏನ್ ಮಾಡಾಕತ್ತೀರಿ?"

"ಏನೂ ಇಲ್ಲ. ಸುಮ್ಮ ಕುಂತೀನಿ."

ಅವಳ ದನಿಯಲ್ಲಿ, ಇಷ್ಟು ವರ್ಷ ನನ್ನೊಬ್ಬನದೇ ಎಂದುಕೊಂಡಿದ್ದ ಚಿಂತೆ ಕೇಳಿಸಿತು.

"ಆರಾಮ ಅದೀರಿಲ್ಲೋ?"