ನಲವತ್ತು ದಿನದ ಮೇಲೆ ಹತ್ತು ದಿನ

ಕಳೆದ ವಾರ ಚಿಕ್ಕಮ್ಮನ ಮಗಳ ಮಗುವನ್ನು ನೋಡಲು ಕಾರ್ಕಳಕ್ಕೆ ಹೋಗಿದ್ದೆ. ಮನೆಯೊಳಗೆ ಕಾಲಿಡುವ ಮೊದಲೇ ಹಿತ್ತಿಲ ಬಚ್ಚಲಿನಿಂದ ನೆಕ್ಕಿ ಸೊಪ್ಪು ಕುದಿಯುವ ವಾಸನೆ ಬಂತು. ಬಾಣಂತಿಯ ಸ್ನಾನದ ನೀರಿಗೆ ಹಾಕುವ ಸೊಪ್ಪು ಅದು. ಒಳಗೆ ಎಲ್ಲರೂ ಮಗುವಿನ ಮೂಗು ಯಾರದ್ದೆಂದು ಚರ್ಚಿಸುತ್ತಿದ್ದರು. ನಾನು ಆಯಾಸವಾಗಿದೆ ಎಂದು ಹೇಳಿ ಜಗಲಿಯಲ್ಲಿ ಕುಳಿತುಬಿಟ್ಟೆ. ಹೃದಯದ ಆಪರೇಷನ್ ಆದವಳಿಗೆ ಇದೊಂದು ಅನುಕೂಲ. ಆಯಾಸ ಎಂದರೆ ಯಾರೂ ಮತ್ತೊಂದು ಪ್ರಶ್ನೆ ಕೇಳುವುದಿಲ್ಲ.

ನಮ್ಮ ಕಡೆ ಬಾಣಂತಿಗೂ ಮಗುವಿಗೂ ಎಣ್ಣೆ ಹಚ್ಚಿ ಮೀಯಿಸಲು ಬರುವ ಹೆಂಗಸರಿದ್ದಾರೆ. ನಲವತ್ತು ದಿನ ತಪ್ಪದೆ ಬರುತ್ತಾರೆ. ನನ್ನ ಎರಡು ಹೆರಿಗೆಗೂ ಬಂದವರು ಕಾಪುವಿನ ಒಬ್ಬರು ಅಕ್ಕ. ಅರುವತ್ತು ದಾಟಿತ್ತು, ಆದರೂ ನನಗೂ ಅಕ್ಕ, ನನ್ನ ಅಮ್ಮನಿಗೂ ಅಕ್ಕ. ನೆಲಕ್ಕೆ ಕುಳಿತು, ಎರಡು ಕಾಲು ನೀಡಿ, ಮೊಣಕಾಲಿನ ಕೆಳಗೆ ಮಗುವನ್ನು ಮಲಗಿಸಿಕೊಂಡು ನೀರು ಹೊಯ್ಯುತ್ತಿದ್ದರು. ಎಷ್ಟು ಅಳುವ ಮಗುವಾದರೂ ಅವರ ಕಾಲ ಮೇಲೆ ಸುಮ್ಮನಾಗುತ್ತಿತ್ತು.

ಮಗಳಿಗೆ ಆರು, ಮಗನಿಗೆ ಒಂದೂವರೆ ವರ್ಷ ಇರುವಾಗ ಮಣಿಪಾಲದಲ್ಲಿ ನನ್ನ ಹೃದಯದ ಒಂದು ಕವಾಟವನ್ನು ಬದಲಿಸಿದರು. ಎದೆಯೆಲುಬನ್ನು ನಡುವೆ ಕೊಯ್ದು, ಮತ್ತೆ ತಂತಿಯಲ್ಲಿ ಬಿಗಿದು, ಉಚ್ಚಿಲದ ಮನೆಗೆ ಕಳುಹಿಸಿದರು. ಮೂರು ತಿಂಗಳು ಭಾರ ಎತ್ತಬಾರದು. ತುಂಬಿದ ಕೊಡ ಬೇಡ, ಮಗು ಬೇಡವೇ ಬೇಡ. ಕೆಮ್ಮು ಬಂದರೆ ಎದೆಗೆ ದಿಂಬು ಒತ್ತಿ ಹಿಡಿಯಬೇಕು. ಗಂಡನಿಗೆ ಗಲ್ಫ್‌ನಲ್ಲಿ ಕೆಲಸ, ರಜೆ ಮುಗಿದದ್ದೇ ಹೊರಟರು. ಅಡುಗೆಗೆ ಅಮ್ಮ ಇದ್ದರು, ಜೊತೆಗೆ ಅವರ ಮೊಣಕಾಲು ನೋವೂ ಇತ್ತು. ನೋಡಲು ಬಂದವರು ಮೂಸಂಬಿ ಕೊಟ್ಟು, ಇದೇ ಆಪರೇಷನ್ ಆಗಿ ತೀರಿಕೊಂಡ ಯಾರದ್ದೋ ಕಥೆ ಹೇಳಿ ಹೋಗುತ್ತಿದ್ದರು.

ಆ ದಣಿವನ್ನು ಹೇಗೆ ಹೇಳಲಿ... ಹಲ್ಲುಜ್ಜಿ ಬಂದರೆ ಮತ್ತೆ ಮಲಗಬೇಕು. ತಲೆ ಬಾಚಿಕೊಳ್ಳುವುದು ಒಂದು ದಿನದ ಕೆಲಸ. ಆದರೆ ನನ್ನನ್ನು ತಿಂದದ್ದು ದಣಿವಲ್ಲ, ಮಗ. ಎತ್ತಿಕೋ ಎಂದು ಕೈ ಚಾಚಿ ಓಡಿ ಬಂದಾಗಲೆಲ್ಲ ನಾನು ದಿಂಬನ್ನು ಅಡ್ಡ ಹಿಡಿಯುತ್ತಿದ್ದೆ. ಎರಡು ವಾರ ಅತ್ತ. ಮೂರನೆಯ ವಾರ ಕೈ ಚಾಚುವುದನ್ನೇ ಬಿಟ್ಟ. ಕರೆದರೆ ಬಾಗಿಲ ಪರದೆಯ ಹಿಂದೆ ನಿಂತು, ಗುರುತಿಲ್ಲದವರನ್ನು ನೋಡಿದ ಹಾಗೆ ನೋಡುತ್ತಿದ್ದ. ಇವನು ನನ್ನ ಕೈ ತಪ್ಪಿ ಹೋಗುತ್ತಾನೆ ಎಂದು ಭಯವಾಯಿತು. ಆಪರೇಷನ್ ಕೋಣೆಗೆ ಒಯ್ಯುವಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

ಆ ವಾರವೇ ಅಕ್ಕ ಬಂದದ್ದು. ಯಾರೂ ಕರೆದಿರಲಿಲ್ಲ. ಬಸ್ಸಿಳಿದು, ಹೆದ್ದಾರಿ ದಾಟಿ, ಕಂಕುಳಲ್ಲಿ ಸೊಪ್ಪಿನ ಕಟ್ಟು ಇಟ್ಟುಕೊಂಡು ಬಂದಿದ್ದರು.

“ಇದು ಹೆರಿಗೆ ಅಲ್ಲ ಅಕ್ಕ,” ಎಂದೆ.

“ಎಂತ ಅಲ್ಲ? ಅಲ್ಲಿ ಹೊಟ್ಟೆ, ಇಲ್ಲಿ ಎದೆ. ಮೈ ಒಡೆದದ್ದು ಒಡೆದದ್ದೇ ಅಲ್ವಾ? ನಲವತ್ತು ದಿನ ನಾನು ಬರ್ತೇನೆ ಮಗಾ,” ಎಂದರು.

ನನ್ನ ಗಾಯದ ಹತ್ತಿರ ಎಣ್ಣೆ ಸುಳಿಯಬಾರದೆಂದು ಅಮ್ಮ ಕಾವಲು ನಿಂತರು. ಅಕ್ಕ ಕಾಲಿಗೆ ಮಾತ್ರ ಹಚ್ಚಿದರು. ಮಗ ಅವರನ್ನು ನೋಡಿದ್ದೇ ಹೋಗಿ ಅವರ ಕಾಲ ಮೇಲೆ ಮಲಗಿದ. ಅವನ ಪಾದ ಈಗ ಅವರ ಹಿಮ್ಮಡಿಯನ್ನೂ ದಾಟಿ ನೆಲ ಮುಟ್ಟುತ್ತಿತ್ತು. ಆ ವಯಸ್ಸಿನ ಮಗುವನ್ನು ಹಾಗೆ ಮೀಯಿಸುವ ಕ್ರಮವೇನೂ ಇಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಅವರಿಗೆ ಗೊತ್ತಾಗಿರಬೇಕು. ನಾಲ್ಕೈದು ದಿನ ಕಳೆದ ಮೇಲೆ ಬಚ್ಚಲಿನಲ್ಲಿ ಗೋಡೆಗೆ ತಾಗಿಸಿ ಮಣೆ ಹಾಕಿ, ನನ್ನನ್ನು ಹುಷಾರಾಗಿ ಕೂರಿಸಿ, ಕಾಲು ನೀಡಲು ಹೇಳಿದರು.

“ಎತ್ತುವುದು ಬೇಡ ಅಂತ ಡಾಕ್ಟರು ಹೇಳಿದ್ದು. ಕಾಲ ಮೇಲೆ ಮಲಗಿಸುವುದು ಬೇಡ ಅಂತ ಹೇಳಿದ್ದಾರಾ?”

ಹಾಗೆ ಹೇಳಿರಲಿಲ್ಲ. ಅಕ್ಕನೇ ಮಗನನ್ನು ಎತ್ತಿ ತಂದು ನನ್ನ ಕಾಲ ಮೇಲೆ ಮಲಗಿಸಿದರು. ಅವನು ಕಿರುಚಿ ಉರುಳಿ ಅವರ ಸೆರಗು ಹಿಡಿದ. ಮರುದಿನವೂ ಅದೇ. ಮೂರನೆಯ ದಿನ ನಾನು ಹೊಯ್ದ ಒಂದು ತಂಬಿಗೆ ನೀರಿನಷ್ಟು ಹೊತ್ತು ಇದ್ದ. ಗದರಿಸದೆ, ಅವಸರಿಸದೆ, ಪ್ರತಿದಿನ ಅಕ್ಕ ಅವನನ್ನು ಎತ್ತಿ ತರುತ್ತಲೇ ಇದ್ದರು.

ಹದಿನೈದನೆಯ ದಿನದ ಹೊತ್ತಿಗೆ ನಾನೊಂದನ್ನು ಕಂಡೆ. ಮಗ ಅವರ ಕಾಲ ಮೇಲಿಂದ ಎದ್ದ ಮೇಲೂ ಅವನ ಬೆನ್ನು ಒತ್ತಿದ ಕಡೆ ಅವರ ಕಾಲಿನಲ್ಲಿ ಗುಳಿ ಹಾಗೇ ಉಳಿದಿತ್ತು. ಪಾದ ಎರಡೂ ಊದಿದ್ದವು. ಆಪರೇಷನ್ನಿಗೆ ಮೊದಲು ನನ್ನ ಕಾಲೂ ಹೀಗೇ ಇತ್ತು. ಡಾಕ್ಟರು ಹೆಬ್ಬೆರಳಿನಿಂದ ಒತ್ತಿ, ಗುಳಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಿದ್ದರು. ಆಮೇಲೆ ಉಳಿದದ್ದೂ ಕಂಡಿತು. ಒಳಗೆ ಬರುವ ಮೊದಲು ಅಕ್ಕ ಮೆಟ್ಟಿಲಲ್ಲಿ ಕುಳಿತು ಉಸಿರು ತಂದುಕೊಳ್ಳುತ್ತಿದ್ದರು. ಮಲಗಿದರೆ ಕಫ ಕಟ್ಟುತ್ತದೆ, ಗೋಡೆಗೆ ಒರಗಿಯೇ ನಿದ್ದೆ ಎಂದು ಅಮ್ಮನ ಹತ್ತಿರ ನಗುತ್ತಾ ಹೇಳಿದ್ದರು. ಅದು ಕಫವಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಹೇಳಿದರೆ ಮಣಿಪಾಲಕ್ಕೆ ಹೋಗುತ್ತಾರೆ. ಹೋದರೆ ಬರುವುದನ್ನು ನಿಲ್ಲಿಸುತ್ತಾರೆ. ಮಗನನ್ನು ಎತ್ತಿ ನನ್ನ ಕಾಲ ಮೇಲಿಡಲು ಅಮ್ಮನಿಂದ ಆಗುವುದಿಲ್ಲ. ನಲವತ್ತು ದಿನ ಆಗಲಿ, ಆಮೇಲೆ ಹೇಳುವ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ಲೆಕ್ಕವನ್ನು ಹಾಕಿದ್ದು ಚೆನ್ನಾಗಿ ಎಚ್ಚರವಿದ್ದ ನಾನೇ. ಅದರ ತಪ್ಪನ್ನು ದಣಿವಿನ ಮೇಲೆ ಹಾಕಲು ಬಹಳ ಸಲ ನೋಡಿದ್ದೇನೆ, ಆಗಲಿಲ್ಲ.

ನಲವತ್ತನೆಯ ದಿನ ಸೀರೆ ಕೊಟ್ಟು ಕಳುಹಿಸುವುದು ಕ್ರಮ. ಅಮ್ಮ ಸೀರೆ ಕೊಟ್ಟರು. ನಾನು ಹೇಳಬೇಕಾದದ್ದನ್ನು ಬೆಳಗ್ಗಿನಿಂದ ಜೋಡಿಸಿಟ್ಟುಕೊಂಡಿದ್ದೆ. ಬಾಯಿ ತೆರೆದಾಗ ಬಂದದ್ದು ಬೇರೆ ಮಾತು.

“ಇನ್ನು ಹತ್ತು ದಿನ ಬರ್ತೀರಾ ಅಕ್ಕ? ಅವನು ಈಗಷ್ಟೇ ಹತ್ತಿರ ಬರ್ತಿದ್ದಾನೆ.”

ಅವರು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. “ಆಯ್ತು ಮಗಾ. ಮನೆಯಲ್ಲಿ ನನಗೆಂತ ಕೆಲಸ ಉಂಟು,” ಎಂದರು.

ಆ ಹತ್ತು ದಿನಗಳಲ್ಲೇ ಅದು ಆದದ್ದು. ಒಂದು ಬೆಳಿಗ್ಗೆ ಮಗ ತಾನೇ ತಂಬಿಗೆ ಹಿಡಿದುಕೊಂಡು ಬಂದು, ನನ್ನ ಕಾಲ ಮೇಲೆ ಹತ್ತಿ ಮಲಗಿ, “ನೀರು” ಎಂದ. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅತ್ತೆ. ಅತ್ತರೂ ಎದೆ ನೋಯುತ್ತಿತ್ತು ಆಗ... ಅಕ್ಕ ಬಚ್ಚಲ ಹೊಸ್ತಿಲಲ್ಲಿ ಕುಳಿತು ನಗುತ್ತಿದ್ದರು. ನಗುವಿನ ನಡುವೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ.

ಕೊನೆಯ ದಿನ ಅವರು ಬಸ್ ಸ್ಟ್ಯಾಂಡಿಗೆ ಹೋಗುವುದನ್ನು ಕಿಟಕಿಯಿಂದ ನೋಡಿದೆ. ದಾರಿಯಲ್ಲಿ ಎರಡು ಸಲ ನಿಂತರು. ನಾಳೆ ಫೋನ್ ಮಾಡಿ ಹೇಳುತ್ತೇನೆ ಎಂದುಕೊಂಡೆ. ನಾಳೆ ನನ್ನ ರಕ್ತಪರೀಕ್ಷೆ ಇತ್ತು. ಅದರ ಮರುದಿನ ಮಗಳಿಗೆ ಜ್ವರ. ಹಾಗೆ ಎರಡು ವಾರ ಹೋಯಿತು. ಆಮೇಲೆ ಅಮ್ಮನಿಗೇ ಯಾರೋ ಫೋನ್ ಮಾಡಿ ತಿಳಿಸಿದರು. ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವರು ಕುಸಿದು ಬಿದ್ದರಂತೆ, ಮತ್ತೆ ಏಳಲಿಲ್ಲವಂತೆ.

ತಿಂಗಳ ನಂತರ, ರಿಕ್ಷಾದಲ್ಲಿ ಕೂರಬಹುದೆಂದು ಡಾಕ್ಟರು ಹೇಳಿದ ಮೇಲೆ ಕಾಪುವಿಗೆ ಹೋದೆ. ಅಕ್ಕನ ಮಗಳು ನನಗೆ ಒರಗಲು ದಿಂಬು ತಂದುಕೊಟ್ಟಳು.

“ಕಾಲು ಬೀಗಿದ್ದನ್ನು ನಾನು ನೋಡಿದ್ದೆ,” ಎಂದಳು. “ಮಣಿಪಾಲಕ್ಕೆ ಹೋಗುವ ಅಂತ ಎಷ್ಟು ಸಲ ಹೇಳಿದೆ. ಅಮ್ಮ ಕೇಳಲೇ ಇಲ್ಲ. ‘ಉಚ್ಚಿಲದ ಮನೆಯವಳು ದಿನಾ ನನ್ನ ಕಾಲು ನೋಡ್ತಾಳೆ, ಅವಳಿಗೆ ಹೃದಯದ್ದು ಎಲ್ಲ ಗೊತ್ತುಂಟು, ಎಂತಾದರೂ ಇದ್ದರೆ ಹೇಳದೆ ಇರ್ತಾಳಾ’ ಅಂದರು.”

ಅವಳ ದನಿಯಲ್ಲಿ ದೂರು ಇರಲಿಲ್ಲ. ತಾಯಿಯ ಹಟದ ಬಗ್ಗೆ ಹೇಳುತ್ತಿದ್ದಳು ಅಷ್ಟೆ. ನಾನು ನೀರು ಕೇಳಿ ಕುಡಿದೆ.

ಆರು ವರ್ಷವಾಯಿತು. ಮಗ ಈಗ ಎರಡನೇ ಕ್ಲಾಸು. ಅವನಿಗೆ ಅಕ್ಕನ ನೆನಪು ಇಲ್ಲ. ಅಕ್ಕನ ಮಗಳು ಉಚ್ಚಿಲದ ದೇವಸ್ಥಾನದಲ್ಲಿ ಆಗಾಗ ಸಿಗುತ್ತಾಳೆ. ಸಿಕ್ಕಾಗಲೆಲ್ಲ ಅವನ ತಲೆ ಸವರಿ, “ನಮ್ಮ ಅಮ್ಮ ಮೀಯಿಸಿದ ಕೊನೆಯ ಮಗು,” ಎಂದು ಪಕ್ಕದವರಿಗೆ ತೋರಿಸುತ್ತಾಳೆ. ನನ್ನ ಆರೋಗ್ಯ ಕೇಳುತ್ತಾಳೆ. ಚೆನ್ನಾಗಿದ್ದೇನೆ ಎನ್ನುತ್ತೇನೆ. ಈ ಸಲ ಹೇಳಿಬಿಡಬೇಕು ಎಂದು ಪ್ರತಿ ಸಲವೂ ಅವಳ ಕೈ ಹಿಡಿಯುತ್ತೇನೆ... ಅವಳು ಕಾಯುತ್ತಾಳೆ. ಇನ್ನೂ ಹೇಳಿಲ್ಲ.