ಹತ್ತು ಮೂಟೆ ಎತ್ತರ

ಮೊನ್ನೆ ಮಗ ಅಕ್ಕಿಯನ್ನು ಡಬ್ಬಕ್ಕೆ ಸುರಿದು ಖಾಲಿ ಗೋಣಿಚೀಲವನ್ನು ಹಿತ್ತಿಲಲ್ಲಿ ಕೊಡವಿದ. ಆ ಸೆಣಬಿನ ಧೂಳು ಮೂಗಿಗೆ ಬಡಿದದ್ದೇ ತಡ, ಕೊಚ್ಚಿಯಲ್ಲಿ ನನ್ನ ಪಕ್ಕದ ಗೋದಾಮು ನೋಡಿಕೊಳ್ಳುತ್ತಿದ್ದವರು ನೆನಪಾದರು. ಅವರನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಸುಳ್ಳೇಕೆ ಹೇಳಲಿ?

ಅರವತ್ತರ ದಶಕದ ಕೊನೆ. ಮೈಸೂರಿನಿಂದ ವರ್ಗವಾಗಿ ಹೋಗಿ ಕೊಚ್ಚಿಯಲ್ಲಿ ಸರ್ಕಾರದ ಧಾನ್ಯದ ಗೋದಾಮೊಂದನ್ನು ನೋಡಿಕೊಳ್ಳುತ್ತಿದ್ದೆ. ಗೋಡೆಯಾಚೆಯ ಗೋದಾಮು ಅವರದು. ಕಾಸರಗೋಡಿನ ಕನ್ನಡದವರು. ಹೆಂಡತಿ ತಿರುವನಂತಪುರದ ಆಸ್ಪತ್ರೆಯೊಂದರಲ್ಲಿ ನರ್ಸ್. ಶನಿವಾರ ಮಧ್ಯಾಹ್ನ ರೈಲು ಹತ್ತಿ ಹೋದವರು ಸೋಮವಾರ ಬೆಳಿಗ್ಗೆ ನಿದ್ದೆಗೆಟ್ಟ ಕಣ್ಣಲ್ಲಿ ಕೆಲಸಕ್ಕೆ ಬರುತ್ತಿದ್ದರು. ಅಲ್ಲಿಗೇ ವರ್ಗವಾಗಬೇಕು ಎನ್ನುವುದೊಂದೇ ಅವರ ಆಸೆ.

ತಿರುವನಂತಪುರದ ನಮ್ಮ ಕಚೇರಿ ತಿಂಗಳಿಗೊಮ್ಮೆ ಗೋದಾಮುಗಳನ್ನು ಅಳೆಯುತ್ತಿತ್ತು. ಲಾರಿ ಗೇಟಿನೊಳಗೆ ಬಂದ ಹೊತ್ತನ್ನೂ ಮೂಟೆ ತುಂಬಿಕೊಂಡು ಹೊರಟ ಹೊತ್ತನ್ನೂ ಕಾವಲುಗಾರ ಗೇಟ್ ಪುಸ್ತಕದಲ್ಲಿ ಬರೆಯುವುದು. ನಡುವಿನ ಹೊತ್ತು ಕಡಿಮೆಯಿದ್ದಷ್ಟೂ ಗೋದಾಮು ಒಳ್ಳೆಯದು. ಐದು ಗೋದಾಮುಗಳಲ್ಲಿ ಸದಾ ಅವರು ಮೊದಲು, ನಾನು ಎರಡನೆಯವನು. ನಾನು ಕೂಗಿದರೆ ಹಮಾಲರು ಇನ್ನೊಂದು ಬೀಡಿ ಹಚ್ಚುತ್ತಿದ್ದರು. ಅವರು ಸುಮ್ಮನೆ ನಡೆದು ಬಂದರೆ ಸಾಕು, ಅಲ್ಲಿನ ಹಮಾಲರು ಎದ್ದು ನಿಲ್ಲುತ್ತಿದ್ದರು. ನನ್ನ ಹೆಂಡತಿಯೂ ಬಿಡಲಿಲ್ಲ. “ಅವರು ಒಂದಿನಾನಾದ್ರೂ ರೇಗಿದ್ದು ನೋಡಿದೀರಾ? ನೀವೂ ಇದೀರ” ಎಂದು ಊಟಕ್ಕೆ ಬಡಿಸುತ್ತಲೇ ಹೇಳುತ್ತಿದ್ದಳು.

ಆ ವರ್ಷ ಒಂದು ಸುತ್ತೋಲೆ ಬಂತು. ಮುಂದಿನ ಆರು ತಿಂಗಳು ಮೊದಲ ಸ್ಥಾನದಲ್ಲಿ ನಿಂತವರಿಗೆ ತಿರುವನಂತಪುರದ ಕಚೇರಿಯಲ್ಲಿ ಹುದ್ದೆ. ನನಗೆ ಆ ಊರಲ್ಲಿ ಯಾರಿದ್ದರು? ಯಾರೂ ಇಲ್ಲ. ಅವರಿಗೆ ಅದು ಸಿಗಬಾರದು, ಅಷ್ಟೇ.

ನನ್ನ ಗೋದಾಮಿಗೆ ಬರುವ ಡ್ರೈವರುಗಳಿಗೆ ಹೇಳಿಬಿಟ್ಟೆ: ದಾರಿಯಲ್ಲಿ ವೈಟ್ಟಿಲದ ಚಹಾದಂಗಡಿಯ ಮುಂದೆ ನಿಲ್ಲಿ, ತುಂಬಿದ ಲಾರಿ ನಿಮ್ಮನ್ನು ದಾಟಿ ಹೋದಮೇಲೆ ಒಬ್ಬೊಬ್ಬರೇ ಬನ್ನಿ. ಅಂದಿನಿಂದ ನನ್ನ ಗೇಟಿನೊಳಗೆ ಯಾವ ಲಾರಿಯೂ ಸರದಿ ಕಾಯಲಿಲ್ಲ, ಹೊರಗೆ ಕಾದ ಹೊತ್ತು ಗೇಟ್ ಪುಸ್ತಕಕ್ಕೆ ಬೀಳಲೂ ಇಲ್ಲ. ದಿನಕ್ಕೆ ಎಷ್ಟು ಲಾರಿ ಹೋದವು, ರೇಷನ್ ಅಂಗಡಿಗೆ ಅಕ್ಕಿ ಯಾವಾಗ ಮುಟ್ಟಿತು ಎಂದು ಕಚೇರಿಯ ಹಾಳೆ ಕೇಳುತ್ತಲೇ ಇರಲಿಲ್ಲ. ಅವರೋ, ಬಂದ ಲಾರಿಗಳನ್ನೆಲ್ಲ ಒಳಗೆ ಬಿಟ್ಟುಕೊಂಡು ಮಾವಿನ ಮರದ ನೆರಳಲ್ಲಿ ನಿಲ್ಲಿಸುತ್ತಿದ್ದರು. ಡ್ರೈವರುಗಳು ಬಿಸಿಲಲ್ಲಿ ಬೇಯಬಾರದಂತೆ.

ಹುದ್ದೆ ನನಗೆ ಬಂತು.

ಹೊರಡುವ ಹಿಂದಿನ ದಿನ ಅವರು ನೋಟ್‌ಬುಕ್ ಹಿಡಿದು ಬಂದರು. “ಹೇಗೆ ಮಾಡಿದ್ದು ಮಾರಾಯ್ರೆ? ನನಗೂ ಸ್ವಲ್ಪ ಹೇಳಿ. ಮುಂದಿನ ವರ್ಷವಾದ್ರೂ ನೋಡ್ತೇನೆ” ಎಂದರು. ಮುಖದಲ್ಲಿ ಚೂರೂ ಅಸೂಯೆಯಿಲ್ಲ. ಅದೇ ನನ್ನನ್ನು ಕೆರಳಿಸಿತು.

“ಅಟ್ಟಿ ಎತ್ತರ ಇಳಿಸ್ದೆ, ಅಷ್ಟೇ. ಹದಿನಾರು ಮೂಟೆ ಏರಿಸ್ತಿದ್ದ ಕಡೆ ಹತ್ತೇ” ಎಂದೆ, ಬಾಯಿಗೆ ಬಂದದ್ದು.

“ಹೌದಲ್ಲ, ಇಳಿಸ್ಲಿಕ್ಕೆ ಸುಲಭ ಆಗ್ತದೆ” ಎನ್ನುತ್ತಾ ಅವರು ಬರೆದುಕೊಂಡರು.

ತಿರುವನಂತಪುರದಲ್ಲಿ ನನ್ನ ಕೆಲಸ ಅದೇ ಹಾಳೆಗಳನ್ನು ಜೋಡಿಸುವುದು. ಅವರ ಗೋದಾಮು ಮೂರನೆಯ ಸ್ಥಾನಕ್ಕೆ ಬಿತ್ತು, ಆಮೇಲೆ ಐದಕ್ಕೆ. ಅಟ್ಟಿ ತಗ್ಗಿದ್ದಕ್ಕೆ ನೆಲವೆಲ್ಲ ಮೂಟೆಯಾಗಿ, ಹಮಾಲರಿಗೆ ನಡೆಯಲೂ ದಾರಿಯಿರಲಿಲ್ಲವಂತೆ. ನನಗೊಂದು ಕಾರ್ಡು ಬಂತು. ‘ನೀವು ಹೇಳಿದ್ದು ಸರಿಯೇ ಇರಬೇಕು. ನಾನು ಮಾಡಿದ್ದರಲ್ಲಿ ಏನೋ ತಪ್ಪಾಗಿದೆ. ಒಮ್ಮೆ ಬಂದು ನೋಡುತ್ತೀರಾ?’

ಎರಡು ಸಲ ಉತ್ತರ ಬರೆಯಲು ಕುಳಿತೆ… ಹದಿನಾರಕ್ಕೇ ಏರಿಸಿ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆದರೆ ಅವರು ಮತ್ತೆ ಮೊದಲನೆಯವರಾಗುತ್ತಿದ್ದರು. ಬರೆಯಲಿಲ್ಲ.

ನಾಲ್ಕನೆಯ ವರ್ಷ, ಒಂದು ಶುಕ್ರವಾರ, ಅವರು ಗೋದಾಮಿನಲ್ಲೇ ಕುಸಿದು ತೀರಿಕೊಂಡರು. ಮರುದಿನದ ರೈಲಿಗೆ ಚೀಲ ಕಟ್ಟಿಟ್ಟಿದ್ದರಂತೆ. ನಾನು ವಾರದ ಮೇಲೆ ಅಲ್ಲಿಗೆ ಹೋದಾಗ ಅಟ್ಟಿಗಳನ್ನು ಎಣಿಸಿದೆ. ಆಗಲೂ ಹತ್ತೇ ಮೂಟೆ…

“ಅಪ್ಪಾ, ಈ ಚೀಲ ಎಸೆಯೋದಾ?” ಎಂದು ಮಗ ಕೇಳಿದ. ಇರಲಿ ಬಿಡು ಎಂದೆ. ಅವರಿಲ್ಲವಾಗಿ ಎಷ್ಟೋ ವರ್ಷವಾಯಿತು, ಕ್ಷಮೆ ಕೇಳಲು ಯಾರೂ ಇಲ್ಲ. ನನ್ನಂಥವನ ಮಾತನ್ನು ಕೊನೆಯವರೆಗೂ ನಂಬಿಕೊಂಡಿದ್ದರಲ್ಲ, ಹಾಗೆ ಒಬ್ಬರನ್ನು ನಂಬುವುದು ನನಗೆ ಒಂದು ದಿನಕ್ಕೂ ಬರಲಿಲ್ಲ. ಅದಕ್ಕೂ ಹೊಟ್ಟೆ ಉರಿಯುತ್ತದೆ.